ಕಾಮಾಲೆಯಿಂದ ಎದ್ದವಳ ಮನೆಗೆ ಗೆಳತಿ ಬಂದಾಗ: ದಸರಾ ರಜೆಯ 15 ದಿನ

ಈ ಪ್ರಕರಣದ ರೋಗಿ ನನ್ನ ತಂಗಿ. ವಯಸ್ಸು 34. ಕೊಡಗಿನ ನಾಪೋಕ್ಲು ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಟೀಚರ್. ನಾನು ನರ್ಸ್. ಕಾಮಾಲೆ ರೋಗಿಗಳನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತೇನೆ. ಆದರೆ ಆಸ್ಪತ್ರೆಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಕಾಯಿಲೆಯ ಮೊದಲ ವಾರ ಅಷ್ಟೇ. ವಾಂತಿ ನಿಂತು, ನಾಲ್ಕು ತುತ್ತು ಒಳಗೆ ಹೋಗಲು ಶುರುವಾದರೆ ರೋಗಿಯನ್ನು ಮನೆಗೆ ಕಳಿಸುತ್ತೇವೆ. ಆಮೇಲಿನ ಒಂದೂವರೆ ತಿಂಗಳು ಹೇಗೆ ಕಳೆಯುತ್ತದೆ ಅಂತ ನಮಗೆ ಗೊತ್ತೇ ಆಗುವುದಿಲ್ಲ. ಈ ಸಲ ಅದನ್ನು ನಮ್ಮ ಮನೆಯ ಜಗಲಿಯಲ್ಲೇ ನೋಡಿದೆ. ನಡುವೆ ಒಂದು ದೊಡ್ಡ ತಪ್ಪೂ ಆಯಿತು. ಅದರಲ್ಲಿ ನನ್ನ ಪಾಲೇ ಜಾಸ್ತಿ. ತಂಗಿ ಮತ್ತು ಅವಳ ಗೆಳತಿ ಇಬ್ಬರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

2024ರ ಮಳೆಗಾಲ. ಜುಲೈ ಕೊನೆಯಲ್ಲಿ ಗದ್ದೆ ತುಂಬಿ, ನೀರು ನಮ್ಮ ಬಾವಿಯ ಕಟ್ಟೆಯವರೆಗೂ ಬಂದು ನಿಂತಿತ್ತು. ಆಗಸ್ಟಿನಲ್ಲಿ ಇಳಿಯಿತು. ನಾವು ಬಾವಿಯನ್ನು ಬಗ್ಗಿ ನೋಡಿ, ನೀರು ತಿಳಿಯಾಗಿದೆ ಅಂತ ಸಮಾಧಾನ ಮಾಡಿಕೊಂಡೆವು. ಸೆಪ್ಟೆಂಬರ್ 8ಕ್ಕೆ, ಗಣೇಶನ ಹಬ್ಬದ ಮರುದಿನ, ತಂಗಿಗೆ ಜ್ವರ ಬಂತು. ಹೊಟ್ಟೆ ತೊಳೆಸುತ್ತಿತ್ತು. ಕಾಫಿಯ ವಾಸನೆ ಸಹಿಸಲು ಆಗುತ್ತಿರಲಿಲ್ಲ. ಕಾಫಿ ತೋಟದ ಮನೆಯಲ್ಲಿ ಕಾಫಿ ಬೇಡ ಅನ್ನುವವರಿದ್ದರೆ ಏನೋ ಆಗಿದೆ ಅಂತಲೇ ಅರ್ಥ. 13ಕ್ಕೆ ಕಣ್ಣು ಹಳದಿಯಾಯಿತು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು. 16ರ ರಕ್ತಪರೀಕ್ಷೆಯಲ್ಲಿ, ಕಣ್ಣು ಹಳದಿ ಮಾಡುವ ಬಿಲಿರುಬಿನ್ 9.8 (ಸಾಮಾನ್ಯವಾಗಿ 1.2ರೊಳಗಿರಬೇಕು), ಲಿವರ್ ಎಷ್ಟು ನೊಂದಿದೆ ಅಂತ ತೋರಿಸುವ ಎಸ್‌ಜಿಪಿಟಿ 1840 (ಇದು ಸಾಮಾನ್ಯವಾಗಿ 40ರ ಆಸುಪಾಸಿನೊಳಗಿರಬೇಕು). ಹೆಪಟೈಟಿಸ್ ಎ ಐಜಿಎಂ ಪಾಸಿಟಿವ್, ಅಂದರೆ ಹೆಪಟೈಟಿಸ್ ಎ ವೈರಸ್ಸಿನ ಹೊಸ ಸೋಂಕು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಅಂದರೆ ಐಎನ್‌ಆರ್, 1.2 ಇತ್ತು. ಅದನ್ನು ನೋಡಿ ನನಗೆ ಉಸಿರು ಬಂತು. ಕಾಮಾಲೆಯಲ್ಲಿ ಬಿಲಿರುಬಿನ್‌ಗಿಂತ ಹೆಚ್ಚು ಹೆದರಬೇಕಾದದ್ದು ಐಎನ್‌ಆರ್ ಏರಿದರೆ, ರೋಗಿ ಮಂಪರಿನಲ್ಲಿ ತಪ್ಪುತಪ್ಪಾಗಿ ಮಾತಾಡಿದರೆ, ಎಲ್ಲಿಂದಾದರೂ ರಕ್ತ ಬಂದರೆ, ವಾಂತಿ ನಿಲ್ಲದೇ ಹೋದರೆ. ಅವು ಯಾವುವೂ ಇರಲಿಲ್ಲ. ಹಾಗಾಗಿ ಎರಡು ದಿನ ಡ್ರಿಪ್ ಹಾಕಿ ಮನೆಗೆ ಕಳಿಸಿದರು.

ಈ ವೈರಸ್ಸಿಗೆ ಅಂತ ಬೇರೆ ಮದ್ದಿಲ್ಲ. ಲಿವರ್ ತಾನೇ ಸುಧಾರಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ ಎರಡು ತಿಂಗಳೊಳಗೆ ಪೂರ್ತಿ ಗುಣ. ಒಮ್ಮೆ ಬಂದು ಪೂರ್ತಿ ಗುಣವಾದರೆ ಜೀವನಪರ್ಯಂತ ಮತ್ತೆ ಬರುವುದಿಲ್ಲ. ನಾಟಿ ಮದ್ದಿಗೆ ಇಷ್ಟು ಹೆಸರು ಬಂದಿರುವುದೂ ಇದೇ ಕಾರಣಕ್ಕೆ. ಎರಡನೇ ವಾರದಲ್ಲಿ ಏನು ಕೊಟ್ಟರೂ ಮೂರನೇ ವಾರದಲ್ಲಿ ಹಳದಿ ಇಳಿಯುತ್ತದೆ, ಹೆಸರು ಮದ್ದಿಗೆ ಹೋಗುತ್ತದೆ. ನೆಲನೆಲ್ಲಿ ಕಷಾಯದಿಂದ ಹಿಡಿದು ಮೂಗಿಗೆ ಬಿಡುವ ಮದ್ದಿನವರೆಗೆ ಎಲ್ಲ ಸಲಹೆಗಳೂ ನಮ್ಮ ಅಂಗಳಕ್ಕೆ ಬಂದವು. ನಾನು ಯಾವುದಕ್ಕೂ ಒಪ್ಪಲಿಲ್ಲ. ಮೊದಲೇ ನೊಂದಿರುವ ಲಿವರ್‌ಗೆ ಏನಿದೆ ಅಂತ ಗೊತ್ತಿಲ್ಲದ ಸೊಪ್ಪಿನ ರಸ ಕೊಟ್ಟು, ಪರಿಸ್ಥಿತಿ ಕೈಮೀರಿ ಬಂದವರನ್ನು ನೋಡಿದ್ದೇನೆ.

ಬರಲೋ ಬೇಡವೋ

ತಂಗಿಯ ಗೆಳತಿ ಧಾರವಾಡದವಳು. ಅವಳೂ ಟೀಚರ್. ಮೈಸೂರಿನಲ್ಲಿ ಬಿ.ಎಡ್. ಮಾಡುವಾಗ ಇಬ್ಬರೂ ಒಂದೇ ರೂಮಿನಲ್ಲಿದ್ದರು. 'ಒಂದು ದಸರಾಕ್ಕೆ ಮಡಿಕೇರಿಗೆ ಬಾ, ಮಂಟಪ ತೋರಿಸ್ತೀನಿ' ಅಂತ ತಂಗಿ 12 ವರ್ಷದಿಂದ ಕರೆಯುತ್ತಿದ್ದಳು. ಈ ಸಲ ರೈಲಿನ ಟಿಕೆಟ್ ಮಾಡಿಸಿ ಆಗಿತ್ತು. ಅಷ್ಟರಲ್ಲಿ ಹೀಗಾಯಿತು.

ಅವಳು ತಂಗಿಗೆ ಫೋನ್ ಮಾಡಲಿಲ್ಲ, ನನಗೆ ಮಾಡಿದಳು. 'ಅಕ್ಕಾ, ಖರೇ ಹೇಳ್ರಿ. ನಾ ಬಂದ್ರ ಆಕಿಗೆ ತ್ರಾಸಾಗ್ತದೋ, ಏನ್ ಚೊಲೊ ಆಗ್ತದೋ?' ಅವಳ ಮನೆಯವರಿಗೆ ಬೇರೆಯದೇ ಹೆದರಿಕೆ ಇತ್ತು. ಅಂಟಿಕೊಂಡರೆ ಏನು ಗತಿ?

ಎರಡನೇ ಪ್ರಶ್ನೆಗೆ ಉತ್ತರ ಸುಲಭವಿತ್ತು. ಹೆಪಟೈಟಿಸ್ ಎ ಹರಡುವುದು ಮಲದಿಂದ ಕೈಗೆ, ನೀರಿಗೆ, ಆಹಾರಕ್ಕೆ, ಅಲ್ಲಿಂದ ಬಾಯಿಗೆ. ಜೊತೆಯಲ್ಲಿ ಕೂತರೆ, ಮಾತಾಡಿದರೆ ಬರುವುದಿಲ್ಲ. ರೋಗಿಯಿಂದ ಅತಿ ಹೆಚ್ಚು ಹರಡುವುದು ಕಣ್ಣು ಹಳದಿಯಾಗುವ ಮುಂಚಿನ ಎರಡು ವಾರ, ಅಂದರೆ ಕಾಯಿಲೆ ಅಂತ ಯಾರಿಗೂ ಗೊತ್ತೇ ಇಲ್ಲದ ಸಮಯದಲ್ಲಿ. ಹಳದಿಯಾಗಿ ಒಂದು ವಾರ ಕಳೆದ ಮೇಲೆ ಆ ಭಯ ತುಂಬಾ ಕಡಿಮೆ. ಗೆಳತಿ ಬರುವುದು ಅಕ್ಟೋಬರ್ 5ಕ್ಕೆ, ಹಳದಿ ಕಂಡು 22 ದಿನಗಳಾದ ಮೇಲೆ.

ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಹೆದರುತ್ತಿದ್ದದ್ದು ತಂಗಿಯ ತಟ್ಟೆ ಲೋಟಕ್ಕೆ. ಅಮ್ಮ ಅವನ್ನು ಬೇರೆ ಇಟ್ಟಿದ್ದರು, ತೊಳೆದು ಅಡಿಗೆಮನೆಯ ಹೊರಗೆ ಬೋರಲು ಹಾಕುತ್ತಿದ್ದರು. ಬಾವಿಗೆ ಯಾರೂ ಹೆದರಲಿಲ್ಲ! ಬಂದ ನೆಂಟರಿಗೆ ಅದೇ ಬಾವಿಯ ನೀರನ್ನು ಹಾಗೇ ಚೊಂಬಿನಲ್ಲಿ ಕೊಡುತ್ತಿದ್ದೆವು. ವೈರಸ್ ದೇಹಕ್ಕೆ ಸೇರಿ ಕಾಯಿಲೆ ಕಾಣಿಸಿಕೊಳ್ಳಲು 15ರಿಂದ 50 ದಿನ, ಸರಾಸರಿ 28 ದಿನ ಬೇಕು. ಸೆಪ್ಟೆಂಬರ್ 8ರಿಂದ ಹಿಂದಕ್ಕೆ ಎಣಿಸಿದರೆ ಆಗಸ್ಟಿನ ಆ ನೀರೇ ಸಿಗುತ್ತದೆ.

ಆರೋಗ್ಯ ಇಲಾಖೆಯವರು ಬಂದು ಅಳತೆ ಹಾಕಿದರು. ಬಾವಿಯ ಅಗಲ 3 ಮೀಟರ್, ನೀರಿನ ಆಳ 5 ಮೀಟರ್. ಲೆಕ್ಕ ಹೀಗೆ: ಅಗಲವನ್ನು ಅಗಲದಿಂದ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಬೇಕು. ನಮ್ಮದು ಸುಮಾರು 35 ಘನ ಮೀಟರ್, ಅಂದರೆ 35,000 ಲೀಟರ್. ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ 1000 ಲೀಟರಿಗೆ ಸುಮಾರು 2.5 ಗ್ರಾಂ. ಒಟ್ಟು 90 ಗ್ರಾಮಿನಷ್ಟು. ಬಕೆಟ್ಟಿನಲ್ಲಿ ಕಲಸಿ, ಸುಣ್ಣದಂಥ ಗಷ್ಟು ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿದರು. ಕನಿಷ್ಠ ಒಂದು ಗಂಟೆ ನೀರು ಎತ್ತಬಾರದು. ಆಮೇಲೆ ಕ್ಲೋರಿನ್ ಉಳಿದಿದೆಯೇ ಅಂತ ಪರೀಕ್ಷೆ ಮಾಡಿದರು. ಅವತ್ತಿನಿಂದ ಕುಡಿಯುವ ನೀರು ಕುದಿಸಿಯೇ. ಅಣ್ಣನ ಇಬ್ಬರು ಮಕ್ಕಳಿಗೆ ಲಸಿಕೆ ಹಾಕಿಸಿದೆವು. ಚಿಕ್ಕ ಮಕ್ಕಳಿಗೆ ಈ ಸೋಂಕು ತಗುಲಿದರೆ ಎಷ್ಟೋ ಸಲ ಕಣ್ಣು ಹಳದಿಯಾಗುವುದೇ ಇಲ್ಲ. ಯಾರಿಗೂ ಗೊತ್ತಾಗದೆ ಅವರಿಂದ ಮನೆಮಂದಿಗೆ ಹರಡುತ್ತದೆ.

ಇದನ್ನೆಲ್ಲ ಗೆಳತಿಗೆ ಹೇಳಿದೆ. ಊಟಕ್ಕೆ ಮುಂಚೆ, ಟಾಯ್ಲೆಟ್ಟಿಗೆ ಹೋಗಿಬಂದ ಮೇಲೆ ಸೋಪಿನಲ್ಲಿ ಕೈ ತೊಳೆದರೆ ಸಾಕು, ಧೈರ್ಯವಾಗಿ ಬಾ ಅಂದೆ. ಅವಳ ಮೊದಲ ಪ್ರಶ್ನೆಗೆ, ಅಂದರೆ ತಂಗಿಗೆ ತ್ರಾಸಾಗುತ್ತದೋ ಇಲ್ಲವೋ ಅನ್ನುವುದಕ್ಕೆ, ನಾನು ಯೋಚಿಸಿ ಉತ್ತರ ಕೊಡಲಿಲ್ಲ. 'ಛೇ, ನೀನು ಬಂದರೆ ಅವಳಿಗೆ ಖುಷಿ' ಅಂದುಬಿಟ್ಟೆ. ಅಂಟುತ್ತದೋ ಇಲ್ಲವೋ ಅಂತ ಅಷ್ಟು ಲೆಕ್ಕ ಹಾಕಿದವಳು, ಇದಕ್ಕೆ ಒಂದು ನಿಮಿಷವೂ ಕೊಡಲಿಲ್ಲ.

ರೊಟ್ಟಿಯ ಸದ್ದು

ಅಕ್ಟೋಬರ್ 4ರ ಪರೀಕ್ಷೆಯಲ್ಲಿ ಬಿಲಿರುಬಿನ್ 2.6ಕ್ಕೆ, ಎಸ್‌ಜಿಪಿಟಿ 142ಕ್ಕೆ ಇಳಿದಿತ್ತು. ಆದರೆ ತಂಗಿಯ ತೂಕ 58ರಿಂದ 53 ಕಿಲೋ ಆಗಿತ್ತು. ಕಾರಣ ಕಾಯಿಲೆ ಮಾತ್ರ ಅಲ್ಲ, ಪಥ್ಯವೂ ಕಾರಣ. ಮೂರು ವಾರದಿಂದ ಉಪ್ಪಿಲ್ಲದ ಗಂಜಿ. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ. ಅರಿಶಿನ ಹಾಕಿದರೆ ಹಳದಿ ಜಾಸ್ತಿ ಆಗುತ್ತದೆ ಅಂತ ಅದೂ ಇಲ್ಲ. ಕಬ್ಬಿನ ಹಾಲು ಮಾತ್ರ ಒಳ್ಳೆಯದು ಅಂತ ಯಾರೋ ರಸ್ತೆ ಬದಿಯಿಂದ ಬಾಟಲಿಯಲ್ಲಿ ತಂದುಕೊಟ್ಟಿದ್ದರು. ಆ ಗಾಣದ ಪಕ್ಕದ ಐಸು, ನೀರು ನೆನೆಸಿಕೊಂಡು ನಾನೇ ಅದನ್ನು ಚೆಲ್ಲಿದೆ. ಮದ್ಯ ಬೇಡವೇ ಬೇಡ, ಮಾತ್ರೆಯನ್ನು ಕೇಳದೆ ನುಂಗಬೇಡಿ, ಉಳಿದಂತೆ ಸೇರಿದ್ದನ್ನು ತಿನ್ನಲಿ ಅಂತ ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಹೊಟ್ಟೆ ತೊಳೆಸುವುದು ಕಡಿಮೆ, ಹಾಗಾಗಿ ಬೆಳಗಿನ ತಿಂಡಿಯನ್ನೇ ಜಾಸ್ತಿ ಕೊಡಿ ಅಂತಲೂ ಹೇಳಿದ್ದರು. ನಾನು ಅಮ್ಮನಿಗೆ ಹತ್ತು ಸಲ ಹೇಳಿದೆ. ನರ್ಸ್ ಆದರೇನು, ಮನೆಯಲ್ಲಿ ನಾನು ಮಗಳೇ ಅಲ್ವಾ? ಅಮ್ಮ ಕೇಳಲಿಲ್ಲ. 'ನಮ್ಮ ಕಾಲದಲ್ಲಿ ನಲವತ್ತೆಂಟು ದಿನ ಪಥ್ಯ ಮಾಡ್ತಿದ್ರು' ಅಂದರು.

ಗೆಳತಿ 5ನೇ ತಾರೀಕು ಮಧ್ಯಾಹ್ನ ಬಂದಳು. ಕೊಡಗಿಗೆ ರೈಲಿಲ್ಲ. ಧಾರವಾಡದಿಂದ ರಾತ್ರಿ ರೈಲಿನಲ್ಲಿ ಮೈಸೂರು, ಅಲ್ಲಿಂದ ಬಸ್ಸಿನಲ್ಲಿ ಮಡಿಕೇರಿ, ಮತ್ತೆ ನಾಪೋಕ್ಲು. ಅವತ್ತು ನಿದ್ದೆ ಮಾಡಿದಳು. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕೂತು ಒಂದು ಬಿಳಿ ಪಂಚೆಯ ಗಂಟು ಬಿಚ್ಚಿದಳು. ಒಳಗೆ ಜೋಳದ ಕಟಕ ರೊಟ್ಟಿ, ಕಾಗದದಷ್ಟು ತೆಳ್ಳಗೆ, ಒಂದರ ಮೇಲೊಂದು ಇಪ್ಪತ್ತು ಮೂವತ್ತು ಇದ್ದವು. ಒಂದು ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ. ಅವಳು ಗಟ್ಟಿ ಮೊಸರು ಕೇಳಿದಳು. ರೊಟ್ಟಿಯನ್ನು ಮುರಿದಳು. ಆ ಸದ್ದಿಗೆ, ಒಣ ಎಲೆ ತುಳಿದಂಥ ಆ ಸದ್ದಿಗೆ, ಗೋಡೆಗೆ ಒರಗಿದ್ದ ತಂಗಿ ತಲೆ ಎತ್ತಿದಳು.

ಗೆಳತಿ ಏನೂ ಕೇಳಲಿಲ್ಲ. ಬೋರಲು ಹಾಕಿದ್ದ ಆ ಬೇರೆ ತಟ್ಟೆಯನ್ನು ತಾನೇ ಎತ್ತಿಕೊಂಡು ಬಂದು, ಅರ್ಧ ರೊಟ್ಟಿ, ಒಂದು ಚಮಚ ಚಟ್ನಿ, ಮೇಲೆ ಮೊಸರು ಹಾಕಿ ತಂಗಿಯ ಮುಂದೆ ಇಟ್ಟಳು. ಉಳಿದರ್ಧವನ್ನು ಅದೇ ತಟ್ಟೆಯ ಇನ್ನೊಂದು ಬದಿಯಲ್ಲಿಟ್ಟು ತಾನು ತಿನ್ನಲು ಶುರು ಮಾಡಿದಳು. ಅಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಗಂಜಿಯ ಸೌಟು ಹಿಡಿದು ನಿಂತಿದ್ದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮಗಳಾದರೆ ಬೈಯುತ್ತಿದ್ದರು. ದೂರದಿಂದ ಬಂದ ಅತಿಥಿ, ತನ್ನ ಅವ್ವ ಸುಟ್ಟ ರೊಟ್ಟಿಯನ್ನು ಹಂಚಿಕೊಂಡು ತಿನ್ನುತ್ತಿದ್ದಾಳೆ, ಏನಂತ ಬೈಯುವುದು? ತಂಗಿ ಎರಡು ರೊಟ್ಟಿ ತಿಂದಳು. ಮೂರು ವಾರದಲ್ಲಿ ಅವಳ ಬಾಯಿಗೆ ಉಪ್ಪು ತಾಗಿದ್ದು ಅದೇ ಮೊದಲು. ವಾಂತಿ ಆಗಲಿಲ್ಲ. ಸಂಜೆ ಅಮ್ಮನೇ ಬಂದು, 'ಸಾರಿಗೆ ಸ್ವಲ್ಪ ಒಗ್ಗರಣೆ ಹಾಕಲಾ?' ಅಂತ ಕೇಳಿದರು.

ಮಂಟಪದ ರಾತ್ರಿ

ಈಗ ತಪ್ಪಿನ ಕಡೆಗೆ ಬರುತ್ತೇನೆ.

ಗೆಳತಿ ಬಂದ ಮೇಲೆ ತಂಗಿ ಗೆಲುವಾದಳು. ಜಗಲಿಯಲ್ಲಿ ನಗುವಿನ ಸದ್ದು ಕೇಳಿಸುತ್ತಿತ್ತು. ನಮಗೆಲ್ಲ ಅಷ್ಟೇ ಸಾಕಾಗಿತ್ತು. ಆದರೆ ನಮ್ಮ ಕಡೆ ಮನೆಗೆ ಬಂದವರನ್ನು ನೋಡಿಕೊಳ್ಳುವುದು ಅಂದರೆ ಕೈ ಬಾಯಿ ಕಾಲು ಯಾವುದಕ್ಕೂ ಬಿಡುವಿಲ್ಲದ ಕೆಲಸ. ಬೆಳಿಗ್ಗೆ ಬಿಸಿನೀರು ಕಾದಿದೆಯಾ, ತಿಂಡಿ ಆಯಿತಾ, ತೋಟ ತೋರಿಸಿದೆವಾ, ಕಾಳುಮೆಣಸಿನ ಬಳ್ಳಿ ನೋಡಿದಳಾ. ಗೆಳತಿ ಸಸ್ಯಾಹಾರಿ. ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಮೀನೋ ಮಾಂಸವೋ ಆಗುತ್ತದೆ. ಅವಳಿಗೆ ಏನು ಮಾಡುವುದು ಅಂತ ತಂಗಿಗೆ ಒಂದೇ ಚಿಂತೆ. ಆರನೇ ದಿನದ ಹೊತ್ತಿಗೆ ಅವಳೇ ಅಡಿಗೆಮನೆಯಲ್ಲಿ ನಿಂತು ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಒತ್ತುತ್ತಿದ್ದಳು. ನೂಪುಟ್ಟು ಒತ್ತಲು ಎಷ್ಟು ರಟ್ಟೆ ಬಲ ಬೇಕು ಅಂತ ಒತ್ತಿದವರಿಗೇ ಗೊತ್ತು. ನಾನು ನೋಡಿದೆ, 'ಪರವಾಗಿಲ್ಲ, ಚೇತರಿಸಿಕೊಂಡಳು' ಅಂದುಕೊಂಡೆ.

ಅಕ್ಟೋಬರ್ 12 ವಿಜಯದಶಮಿ. ಮಡಿಕೇರಿ ದಸರಾ ಮೈಸೂರಿನ ಥರ ಅಲ್ಲ. ಇಲ್ಲಿ ನಾಲ್ಕು ಮಾರಿಯಮ್ಮ ದೇವಸ್ಥಾನಗಳ ಕರಗ ನವರಾತ್ರಿಯ ಶುರುವಿನಲ್ಲಿ ಪಂಪಿನ ಕೆರೆಯಿಂದ ಹೊರಡುತ್ತದೆ. ಕೊನೆಯ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪಗಳು ಬೀದಿಗೆ ಬರುತ್ತವೆ. ದೇವರು, ರಾಕ್ಷಸರು, ದೀಪ, ಹೊಗೆ, ಸದ್ದು, ಎಲ್ಲವೂ ಚಲಿಸುತ್ತಾ ಕಥೆ ಹೇಳುತ್ತವೆ. ಬೆಳಗಿನ ಜಾವದವರೆಗೂ ನಡೆಯುತ್ತದೆ. ಇಡೀ ಊರು ಏರು ಇಳುಕಲು. ಆ ರಾತ್ರಿ ಎಲ್ಲಿ ನೋಡಿದರೂ ಜನ.

ತಂಗಿ ಹೋಗುತ್ತೇನೆ ಅಂದಳು. ಗೆಳತಿ 'ನೀ ಬ್ಯಾಡ, ನಾ ಅಣ್ಣಾರ ಜೊತಿ ಹೋಗಿ ಬರ್ತೀನಿ' ಅಂದಳು. ಎಲ್ಲರೂ ನನ್ನ ಕಡೆ ನೋಡಿದರು. ಡಾಕ್ಟರು ನನಗೆ ಹೇಳಿದ್ದ ಮಾತು ಹೀಗಿತ್ತು: 'ಸುಸ್ತಾದ ಮೇಲೆ ಮಲಗುವುದಲ್ಲ, ಸುಸ್ತಾಗುವ ಮುಂಚೆ ನಿಲ್ಲಿಸಬೇಕು.' ಅದು ನನಗೆ ನೆನಪಿತ್ತು. ಆದರೂ 12 ವರ್ಷದ ಆಸೆ, ರಿಪೋರ್ಟ್ ಚೆನ್ನಾಗಿದೆ, ಜೊತೆಗೆ ನಾನಿದ್ದೇನೆ ಅಂತ ಹೂಂ ಅಂದೆ. ಕುದಿಸಿದ ನೀರಿನ ಫ್ಲಾಸ್ಕ್ ತೆಗೆದುಕೊಂಡೆ, ಬೀದಿಯ ತಿಂಡಿ ಬೇಡ ಅಂದೆ, ಸ್ವೆಟರ್ ಹಾಕಿಸಿದೆ. ಸೋಂಕಿನ ವಿಷಯದಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದೆ. ದಣಿವನ್ನು ಮಾತ್ರ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಗಾಡಿಯನ್ನು ಊರ ಹೊರಗೇ ನಿಲ್ಲಿಸಬೇಕಾಯಿತು. ಅಲ್ಲಿಂದ ಏರು ಹತ್ತಿ ನಡೆದೆವು. ಮೂರು ಗಂಟೆಯವರೆಗೆ ನಿಂತೇ ನೋಡಿದೆವು. ತಂಗಿಯ ಮುಖದಲ್ಲಿ ಬೆಳಕು ಬೀಳುತ್ತಿತ್ತು, ಅವಳು ಗೆಳತಿಯ ಕಿವಿಗೆ ಬಾಯಿಟ್ಟು ಪ್ರತಿ ಮಂಟಪದ ಕಥೆ ಹೇಳುತ್ತಿದ್ದಳು. ತುಂಬಾ ಖುಷಿಯಾಗಿದ್ದಳು, ಅದು ಸುಳ್ಳಲ್ಲ. ಮನೆ ಸೇರಿದಾಗ ಐದು ಗಂಟೆ. ನಾನು ಎಂಟಕ್ಕೆ ಎದ್ದು ನೋಡಿದರೆ ತಂಗಿ ಒಲೆಯ ಮುಂದೆ. ಗೆಳತಿ ಎದ್ದ ಕೂಡಲೇ ಬಿಸಿ ಅಕ್ಕಿರೊಟ್ಟಿ ಸಿಗಲಿ ಅಂತ. ರೊಟ್ಟಿ ತಟ್ಟುತ್ತಾ ತಟ್ಟುತ್ತಾ ಅಲ್ಲೇ ಕೂತುಬಿಟ್ಟಳು. 'ಅಕ್ಕ, ಕೈ ಎತ್ತಲು ಆಗ್ತಿಲ್ಲ.'

ಮೂರು ದಿನ ಎದ್ದಿಲ್ಲ. ಊಟ ಸೇರಲಿಲ್ಲ. ಮೈ ಕಡಿತ ಮತ್ತೆ ಶುರುವಾಯಿತು. ಕಣ್ಣು ಹಳದಿಯಾಗಿದೆ ಅಂತ ಅಮ್ಮ, ಇಲ್ಲ ಅಂತ ಅಣ್ಣ. ಟ್ಯೂಬ್‌ಲೈಟಿನ ಕೆಳಗೆ ನೋಡಿ ವಾದ ಮಾಡುತ್ತಿದ್ದರು. ಕಣ್ಣಿನ ಬಣ್ಣವನ್ನು ಹಗಲು ಬೆಳಕಿನಲ್ಲೇ ನೋಡಬೇಕು. ಅಂಗಳಕ್ಕೆ ಕರೆದು ತಂದು ಕೆಳಗೆ ನೋಡು ಅಂತ ಹೇಳಿ, ಮೇಲಿನ ರೆಪ್ಪೆ ಎತ್ತಿ ನೋಡಿದೆ. ತಿಳಿ ಹಳದಿ ಇತ್ತು, ಆದರೆ ಮುಂಚೆಯೂ ಅಷ್ಟು ಇತ್ತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಈ ಕಾಯಿಲೆ ನೂರಕ್ಕೆ ಹತ್ತು ಮಂದಿಯ ಆಸುಪಾಸಿನಲ್ಲಿ ಮರುಕಳಿಸುತ್ತದೆ. ಗುಣವಾಯಿತು ಅನ್ನುವಾಗ ಎಸ್‌ಜಿಪಿಟಿ ಮತ್ತೆ ಏರುತ್ತದೆ. ಆಮೇಲೆ ಅದೂ ಇಳಿಯುತ್ತದೆ, ಆದರೆ ತಿಂಗಳುಗಟ್ಟಲೆ ಎಳೆಯಬಹುದು.

ಗೆಳತಿ ಬ್ಯಾಗ್ ಕಟ್ಟುತ್ತಿದ್ದಳು. ಕಣ್ಣೊರೆಸಿಕೊಂಡು, 'ನನ್ನಿಂದ ಆತು ಅಕ್ಕ' ಅಂದಳು. ನಿನ್ನಿಂದ ಅಲ್ಲ, ಹೂಂ ಅಂದದ್ದು ನಾನು ಅಂದೆ. ರಿಪೋರ್ಟ್ ಬರುವವರೆಗೆ ಇರು ಅಂತ ಕೇಳಿಕೊಂಡೆ.

15ರ ಪರೀಕ್ಷೆ: ಬಿಲಿರುಬಿನ್ 1.5, ಎಸ್‌ಜಿಪಿಟಿ 96, ಐಎನ್‌ಆರ್ 1. ಮೂರೂ ಇಳಿದಿದ್ದವು. ಮರುಕಳಿಸಿರಲಿಲ್ಲ. ಇದು ಬರೀ ದಣಿವು ಅಂದರು ಡಾಕ್ಟರು. 'ಬರೀ' ಅನ್ನುವ ಆ ಮಾತು ಮಾತ್ರ ನನಗೆ ಸರಿ ಅನಿಸಲಿಲ್ಲ. ರಕ್ತದ ಲೆಕ್ಕ ಸರಿಯಾದ ಮೇಲೂ ಈ ದಣಿವು ವಾರಗಟ್ಟಲೆ ಇರುತ್ತದೆ. ಕಾಗದದಲ್ಲಿ ಕಾಣುವುದಿಲ್ಲ, ಆದ್ದರಿಂದ ಯಾರೂ ನಂಬುವುದಿಲ್ಲ. ರೋಗಿಯೂ ನಂಬುವುದಿಲ್ಲ. ಹಳದಿ ಇದ್ದಾಗ ಲೋಟ ಎತ್ತಲೂ ಬಿಡದ ಮನೆಯವರು, ಹಳದಿ ಹೋದ ಕೂಡಲೇ 'ಇನ್ನೂ ಮಲಗಿದ್ದೀಯಾ?' ಅಂತಾರೆ.

ಅತಿಥಿಗೆ ಕೆಲಸ

ಗೆಳತಿ ಹೋಗಲಿಲ್ಲ. ಉಳಿದ ಐದು ದಿನಗಳೇ ಈ ಪ್ರಕರಣದ ಮುಖ್ಯ ಭಾಗ ಅಂತ ನನಗನಿಸುತ್ತದೆ.

ಅವತ್ತು ಸಂಜೆ ನಾನು, ಅಮ್ಮ, ಗೆಳತಿ ಮೂವರೂ ಕೂತು ಮಾತಾಡಿದೆವು. ಗೆಳತಿ ಸಿಟ್ಟಿನಿಂದಲೇ ಕೇಳಿದಳು: 'ನೀವೆಲ್ಲ ನನ್ನ ಬೀಗರ ಹಂಗ ನೋಡಾಕತ್ತೀರಿ. ಆಕಿ ನನ್ನ ಸಲುವಾಗಿ ಏಳ್ತಾಳ, ನಾ ಕುಂತ್ರ ಆಕಿ ಹೆಂಗ ಮಲಗ್ಬೇಕ?' ಅವಳ ಮಾತು ಸರಿಯಾಗಿತ್ತು. ತಂಗಿಯನ್ನು ದಣಿಸಿದ್ದು ಮಂಟಪದ ಒಂದು ರಾತ್ರಿ ಮಾತ್ರ ಅಲ್ಲ. ಒಂದು ವಾರದಿಂದ ಅವಳು ಮನೆಯೊಡತಿಯಾಗಿ ನಿಂತೇ ಇದ್ದಳು. ಅತಿಥಿ ಕುರ್ಚಿಯಲ್ಲಿ ಕೂತಿರುವವರೆಗೆ ಅವಳಿಗೆ ಮಲಗಲು ಮನಸ್ಸು ಬರುವುದಿಲ್ಲ. ಹಾಗಾದರೆ ಅತಿಥಿ ಕುರ್ಚಿ ಬಿಟ್ಟು ಏಳಬೇಕು.

ಅಮ್ಮನಿಗೆ ಇದು ಕಷ್ಟವಾಯಿತು. ಮನೆಗೆ ಬಂದವರ ಕೈಯಲ್ಲಿ ಕೆಲಸ ಮಾಡಿಸುವುದಾ? ಆದರೂ ಒಪ್ಪಿದರು. ಕುಡಿಯುವ ನೀರು ಕುದಿಸಿ ಆರಿಸಿ ತುಂಬಿಡುವುದು ಗೆಳತಿಯ ಪಾಲಿಗೆ ಬಂತು. ಬೆಳಗಿನ ತಿಂಡಿಯೂ ಅವಳದ್ದೇ. ಮಧ್ಯಾಹ್ನ ಊಟವಾದ ಮೇಲೆ ನಾಲ್ಕು ಗಂಟೆವರೆಗೆ ಗೆಳತಿ ತೋಟಕ್ಕೋ ಪಕ್ಕದ ಮನೆಗೋ ಹೋಗುತ್ತಿದ್ದಳು. ಅವಳು ಮನೆಯಲ್ಲಿ ಇಲ್ಲ ಅಂದರೆ ಮಾತ್ರ ತಂಗಿ ನಿಜವಾಗಿ ನಿದ್ದೆ ಮಾಡುತ್ತಿದ್ದಳು. ನಮ್ಮನ್ನು ನೋಡಲು ಬರುವ ನೆಂಟರ ಜೊತೆ ಕೂತು ಮಾತಾಡುವ ಕೆಲಸವೂ ಅವಳದ್ದೇ ಆಯಿತು. ಧಾರವಾಡದ ಮಾತು ಕೇಳಲು ಅವರೂ ಖುಷಿಯಿಂದ ಕೂರುತ್ತಿದ್ದರು, ತಂಗಿಯನ್ನು ಎಬ್ಬಿಸಿ ಅನ್ನುತ್ತಿರಲಿಲ್ಲ.

ತಂಗಿಗೆ ಚೈತನ್ಯ ಇರುತ್ತಿದ್ದದ್ದು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು. ಆ ಎರಡು ಗಂಟೆ ಇಬ್ಬರೇ. ಏನು ಮಾಡುತ್ತಿದ್ದರು ಗೊತ್ತಾ? ಪೇಪರ್ ತಿದ್ದುತ್ತಿದ್ದರು. ಎಂಟನೇ ಕ್ಲಾಸಿನ 41 ವಿಜ್ಞಾನ ಉತ್ತರಪತ್ರಿಕೆಗಳು ಬಾಕಿ ಇದ್ದವು. ರಜೆಯಲ್ಲಿದ್ದರೂ ತಾನೇ ನೋಡುತ್ತೇನೆ ಅಂತ ತಂಗಿ ಶಾಲೆಯಿಂದ ತರಿಸಿಕೊಂಡಿದ್ದಳು. ಆ ಕಟ್ಟು ಅವಳ ತಲೆ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಈಗ ಗೆಳತಿ ಓದುವುದು, ತಂಗಿ ಚಾಪೆಯಲ್ಲಿ ಕಣ್ಣು ಮುಚ್ಚಿ ಮಲಗಿಕೊಂಡೇ ಅಂಕ ಹೇಳುವುದು. ದಿನಕ್ಕೆ ಎಂಟೋ ಹತ್ತೋ, ಅಷ್ಟೇ. ಹನ್ನೊಂದಾದರೆ ಓದುತ್ತಿದ್ದ ಪೇಪರನ್ನೂ ಅರ್ಧಕ್ಕೇ ಮಡಚಿ ಇಡುತ್ತಿದ್ದಳು ಗೆಳತಿ.

'ನೀರನ್ನು ಕುದಿಸಿ ಏಕೆ ಕುಡಿಯಬೇಕು?' ಅಂತ ಎರಡು ಅಂಕದ ಪ್ರಶ್ನೆ ಇತ್ತು. ಒಬ್ಬ ಹುಡುಗ ಬರೆದಿದ್ದ: 'ಕುದಿಸದಿದ್ದರೆ ನಮ್ಮ ಟೀಚರಿಗೆ ಆದ ಹಾಗೆ ಆಗುತ್ತದೆ.' ಸೂಕ್ಷ್ಮಜೀವಿ ಅಂತ ಬರೆದಿಲ್ಲ, ಒಂದು ಅಂಕ ಅಂತ ಗೆಳತಿ. ಕಾರಣ ಸರಿಯಾಗಿದೆ, ಎರಡು ಕೊಡಬೇಕು ಅಂತ ತಂಗಿ. ಅಡಿಗೆಮನೆಯಲ್ಲಿದ್ದ ನಮಗೂ ಕೇಳಿಸುವಷ್ಟು ಜೋರಾಗಿ ವಾದ ಮಾಡಿದರು. ಒಂದೂವರೆಗೆ ಇತ್ಯರ್ಥವಾಯಿತು.

ಅಕ್ಟೋಬರ್ 17 ತುಲಾ ಸಂಕ್ರಮಣ. ಅವತ್ತು ತಲಕಾವೇರಿಯಲ್ಲಿ ತೀರ್ಥೋದ್ಭವ. ಪ್ರತಿ ವರ್ಷ ನಮ್ಮ ಮನೆಯಿಂದ ಎಲ್ಲರೂ ಹೋಗುತ್ತೇವೆ. ಭಾಗಮಂಡಲದಿಂದ 8 ಕಿಲೋಮೀಟರ್ ಬೆಟ್ಟದ ದಾರಿ, ಮೇಲೆ ಮಂಜು, ಚಳಿ, ನೂಕುನುಗ್ಗಲು. ಗೆಳತಿಗೆ ನೋಡುವ ಆಸೆ ಇದ್ದೇ ಇತ್ತು. ಆದರೆ ಈ ಸಲ ತಂಗಿ ಮಾತು ಎತ್ತುವ ಮುಂಚೆಯೇ ಅವಳು 'ನಾ ಟೀವಿಯೊಳಗ ನೋಡ್ತೀನಿ' ಅಂದುಬಿಟ್ಟಳು. ಅಣ್ಣ ಹೋಗಿಬಂದ. ಕುಂಡಿಕೆಯ, ಅಂದರೆ ಕಾವೇರಿ ಹುಟ್ಟುವ ಪುಟ್ಟ ಕೊಳದ, ತೀರ್ಥವನ್ನು ಬಾಟಲಿಯಲ್ಲಿ ತಂದ. ನಮಗೆ ಆ ನೀರು ಬರೀ ನೀರಲ್ಲ. ಕೊನೆಯುಸಿರಿನ ಹೊತ್ತಿಗೆ ಬಾಯಿಗೆ ಬಿಡಲು ಅಂತ ಮನೆಮನೆಯಲ್ಲೂ ಇಟ್ಟುಕೊಳ್ಳುತ್ತಾರೆ. ಅಮ್ಮ ಬಾಟಲಿ ಹಿಡಿದು ತಂಗಿಯ ಹತ್ತಿರ ಬಂದಾಗ ನಾನು ಏನು ಹೇಳಲಿ ಅಂತ ತಿಳಿಯದೆ ನಿಂತೆ. ಅಮ್ಮ ನನ್ನ ಮುಖ ನೋಡಿದರು. ಒಂದು ಹನಿಯನ್ನು ತಂಗಿಯ ತಲೆಗೆ ಹಾಕಿ, ಒದ್ದೆ ಬೆರಳನ್ನು ಅವಳ ಎರಡೂ ಕಣ್ಣಿಗೆ ಒತ್ತಿ, ಬಾಟಲಿಯನ್ನು ದೇವರ ಕೋಣೆಯಲ್ಲಿಟ್ಟರು. ಬಾಯಿಗೆ ಬಿಡಲಿಲ್ಲ. ನಾನು ಕೇಳಿರಲೂ ಇಲ್ಲ.

ಮರುದಿನ ನಸುಕಿನಲ್ಲಿ ಕಣಿ ಪೂಜೆ, ಮನೆಯಲ್ಲಿ ಕಾವೇರಮ್ಮನಿಗೆ ಮಾಡುವ ಪೂಜೆ. ಅವತ್ತು ದೋಸೆ, ಕುಂಬಳಕಾಯಿ ಪಲ್ಯ. ಮಾಂಸವಿಲ್ಲದ ಹಬ್ಬ, ಗೆಳತಿಗೂ ಸರಿ, ತಂಗಿಯ ಹೊಟ್ಟೆಗೂ ಸರಿ. ದೋಸೆ ಹುಯ್ದದ್ದು ಗೆಳತಿ. ಅಮ್ಮ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ತಂಗಿ ನಾಲ್ಕು ತಿಂದಳು.

ಮುಂದಿನದು ಚಿಕ್ಕದು. ತಂಗಿ ರಜೆ ಮುಗಿದ ಮೇಲೂ ಎರಡು ವಾರ ಶಾಲೆಗೆ ಹೋಗಲಿಲ್ಲ. ಆಮೇಲಿನ ಎರಡು ವಾರ ಅರ್ಧ ದಿನ ಮಾತ್ರ. ನವೆಂಬರ್ ಕೊನೆಯ ಪರೀಕ್ಷೆಯಲ್ಲಿ ಎಲ್ಲವೂ ಸಾಮಾನ್ಯ ಮಟ್ಟಕ್ಕೆ ಬಂದಿತ್ತು, ತೂಕ 56. ಬಾವಿಯ ಕಟ್ಟೆಯನ್ನು ಎರಡು ಅಡಿ ಎತ್ತರಿಸಿ, ಸುತ್ತ ಸಿಮೆಂಟ್ ಹಾಕಿಸಿದೆವು.

ಗೆಳತಿ ಹೊರಟದ್ದು 20ರ ಬೆಳಿಗ್ಗೆ. ನಮ್ಮ ಮನೆಯಲ್ಲಿ ಬಂದವರನ್ನು ಬಸ್ ಹತ್ತಿಸಿ, ಬಸ್ ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ಕೈ ಬೀಸಿಯೇ ಬರುವುದು. ತಂಗಿ ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಇಳಿದಳು. ಗೆಳತಿ ಅಲ್ಲೇ ತಡೆದಳು. 'ಎಲ್ಲಿಗೆ? ಒಂಬತ್ತೂವರಿ ಆತು. ನಿನ್ನ ಎರಡು ತಾಸಿನ್ಯಾಗ ಅರ್ಧಾ ತಾಸು ಹೋತು.' ತಂಗಿ ನಕ್ಕಳು. ಚಪ್ಪಲಿ ಬಿಟ್ಟಳು. ಜಗಲಿಯ ಮೆಟ್ಟಿಲಲ್ಲಿ ಕೂತು, ನಾವು ಗೇಟು ದಾಟುವವರೆಗೆ ಅಲ್ಲಿಂದಲೇ ಕೈ ಬೀಸಿದಳು. ಪಕ್ಕದಲ್ಲಿ ಇನ್ನೂ ಆರು ಪೇಪರ್ ಉಳಿದಿದ್ದವು.